ರೇಸ್ ಕೊಟ್ಟಾಗ ಮುಗ್ಗರಿಸುವ ಮೋಟಾರ್ ಸೈಕಲ್



ತಾವರೆಕೆರೆಯ ಕಡೆಯಿಂದ ಮಾಗಡಿ ರಸ್ತೆ ಹಿಡಿದು, ಹಿಂದಿನ ಸೀಟಿಗೆ ಸೊಪ್ಪಿನ ಮೂಟೆ ಬಿಗಿದುಕೊಂಡು ನಸುಕಿನಲ್ಲೇ ಬೆಂಗಳೂರಿಗೆ ಹೋಗುವವರು ನಿಮ್ಮಲ್ಲಿ ಅನೇಕರಿದ್ದೀರಿ. ದಾರಿಯುದ್ದಕ್ಕೂ ಸರಾಗವಾಗಿ ಬಂದ ಗಾಡಿ ಹೊಸಹಳ್ಳಿಯ ಹತ್ತಿರ ಸಿಗ್ನಲಿಗೆ ನಿಂತು ಹೊರಡುವಾಗ ಒಮ್ಮೆ ಗುಕ್ಕೆಂದು ತಡೆಯುತ್ತದೆ, ಆಮೇಲೆ ಜಿಗಿಯುತ್ತದೆ. (ಹೊಸಹಳ್ಳಿ ಈಗ ಹೆಸರಿಗೆ ಮಾತ್ರ ಹಳ್ಳಿ, 2015ರಿಂದ ಅಲ್ಲಿ ಮೆಟ್ರೋ ರೈಲು ಓಡುತ್ತಿದೆ.) ಬೆನ್ನ ಹಿಂದೆ ಲಾರಿ ಇದ್ದಾಗ ಆ ಒಂದು ಕ್ಷಣದ ತಡೆ ಪ್ರಾಣಕ್ಕೇ ಸಂಚಕಾರ. ಆದಕಾರಣ ಇದನ್ನು ಮುಂದಿನ ವಾರಕ್ಕೆ ತಳ್ಳಬಾರದು. ಹಾಗೆಂದು ಹೆದರಿ ಇಂಜಿನ್ನನ್ನೇ ಬಿಚ್ಚಿಸಬೇಕಾಗಿಯೂ ಇಲ್ಲ.

ಪೈರು ಹಳದಿಯಾದೊಡನೆ ಯೂರಿಯಾ ಎರಚುವವರಿದ್ದಾರೆ. ನೀರು ನಿಂತು ಬೇರು ಉಸಿರುಗಟ್ಟಿದರೂ ಎಲೆ ಹಳದಿಯೇ ಆಗುತ್ತದೆ. ಗಾಡಿಯದೂ ಹಾಗೆಯೇ, ಲಕ್ಷಣ ಒಂದು, ಕಾರಣ ಹಲವು. ಖರ್ಚಿಲ್ಲದ್ದನ್ನು ಮೊದಲು ನೋಡಬೇಕು.

ಒಂದು ಪಾಲು ಪೆಟ್ರೋಲ್ ಸರಿಯಾಗಿ ಉರಿಯಲು ತೂಕದಲ್ಲಿ ಸುಮಾರು 14 ಪಾಲು ಗಾಳಿ ಬೇಕು. ರೇಸ್ ತಿರುಗಿಸಿದ ಕೂಡಲೇ ಹಗುರವಾದ ಗಾಳಿ ಒಳನುಗ್ಗುತ್ತದೆ. ಭಾರವಾದ ಪೆಟ್ರೋಲ್ ತುಸು ಹಿಂದೆ ಬೀಳುತ್ತದೆ. ಈ ಕೊರತೆಯನ್ನು ತುಂಬುವುದು ಕಾರ್ಬುರೇಟರಿನ ಸೂಕ್ಷ್ಮ ತೂತುಗಳ ಕೆಲಸ. ಅವುಗಳಲ್ಲಿ ಕಸ ಕೂತರೆ ಗಾಡಿ ಮುಗ್ಗರಿಸುತ್ತದೆ. ಇನ್ನೊಂದು ಕಾರಣ ಕಿಡಿಯದು. ಭಾರ ಎಳೆಯುವಾಗ ಸಿಲಿಂಡರಿನೊಳಗೆ ಒತ್ತಡ ಏರುವುದರಿಂದ ಕಿಡಿ ಹಾರುವುದು ಕಷ್ಟ. ನಿಂತಲ್ಲಿ ಚೆನ್ನಾಗಿ ಓಡುವ ದುರ್ಬಲ ಪ್ಲಗ್ಗು ಏರಿನಲ್ಲಿ ಕೈಕೊಡುವುದು ಇದರಿಂದಲೇ. ಇಂಜಿನ್ ಸದ್ದು ಏರಿದರೂ ಗಾಡಿ ಮುಂದೆ ಹೋಗದಿದ್ದರೆ ಅದು ಕ್ಲಚ್ ಜಾರುವ ರೋಗ, ಅದರ ಮಾತು ಬೇರೆ.

ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ. ಅದರಲ್ಲಿ ಗಾಳಿಯಾಡಲು ಸಣ್ಣ ರಂಧ್ರವಿರುತ್ತದೆ. ಗಾಡಿ ತಡೆದಾಗ ಬದಿಗೆ ನಿಲ್ಲಿಸಿ ಮುಚ್ಚಳ ತೆರೆಯಿರಿ. ಬುಸ್ಸೆಂದು ಗಾಳಿ ಎಳೆದುಕೊಂಡು ಆಮೇಲೆ ಗಾಡಿ ಸರಿಯಾಗಿ ಓಡಿದರೆ, ರಂಧ್ರ ಮುಚ್ಚಿದೆಯೆಂದು ತಿಳಿಯಿರಿ.

ಆಮೇಲೆ ಪೆಟ್ರೋಲನ್ನೇ ಪರೀಕ್ಷಿಸಿ. ಕೈಯಿಂದ ತಿರುಗಿಸುವ ಟ್ಯಾಪ್ ಇರುವ ಗಾಡಿಯಾದರೆ, ಇಂಜಿನ್ ತಣ್ಣಗಾದ ಮೇಲೆ ಬಯಲಿನಲ್ಲಿ ಪೈಪು ಕಳಚಿ ಗಾಜಿನ ಸೀಸೆಗೆ ಸ್ವಲ್ಪ ಹಿಡಿಯಿರಿ. ಬೀಡಿ, ಒಲೆ, ದೀಪ ಹತ್ತಿರ ಸುಳಿಯಕೂಡದು. ಧಾರೆ ಸಣ್ಣಗಿದ್ದರೆ ಟ್ಯಾಪಿನ ಜಾಲರಿಯಲ್ಲಿ ಕಸವಿದೆ. ಸೀಸೆಯನ್ನು ಸ್ವಲ್ಪ ಹೊತ್ತು ಅಲುಗಾಡಿಸದೆ ಇಟ್ಟಾಗ ತಳದಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ. ಇಂದು ಇದು ಮುಖ್ಯ. 20 ಪಾಲು ಎಥೆನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಲಾಯಿತು. ನಿಮ್ಮ ಕಬ್ಬಿನಿಂದಲೂ ತಯಾರಾಗುವ ಈ ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಒಂದಾಗಿ ತಳಕ್ಕಿಳಿಯುತ್ತವೆ. ಇಂಜಿನ್ನಿಗೆ ಮೊದಲು ಹೋಗುವುದು ತಳದ್ದೇ. ಮುಚ್ಚಳದ ರಬ್ಬರು ಸವೆದ ಗಾಡಿಯನ್ನು ಮಳೆಯಲ್ಲಿ ನಿಲ್ಲಿಸಬೇಡಿ.

ಒಕ್ಕಣೆಯ ಕಾಲದಲ್ಲಿ ಏರ್ ಫಿಲ್ಟರಿಗೆ ಧೂಳು ತುಂಬುತ್ತದೆ. ಸ್ಪಂಜಿನದಾದರೆ ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿ ಹಾಕಬಹುದು. ಕಾಗದದ್ದನ್ನು ತೊಳೆಯಕೂಡದು, ಹೊಸದನ್ನೇ ಹಾಕಿ. ಕೆಲವರು ಫಿಲ್ಟರನ್ನೇ ತೆಗೆದೊಗೆದು "ಪಿಕಪ್ ಬಂತು" ಎನ್ನುತ್ತಾರೆ. ಆ ಧೂಳು ಸಿಲಿಂಡರನ್ನು ಉಜ್ಜಿ ತಿನ್ನುವುದು ಅವರಿಗೆ ಕಾಣುವುದಿಲ್ಲ.

ಪ್ಲಗ್ಗು ಬಿಚ್ಚಿದರೆ ಬಣ್ಣವೇ ಅರ್ಧ ಕಥೆ ಹೇಳುತ್ತದೆ. ತಿಳಿ ಕಂದು ಸರಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಸುಣ್ಣದಂತೆ ಬಿಳುಪಾದರೆ ಕಡಿಮೆ. ತುದಿಯ ಅಂತರ ಸಾಮಾನ್ಯವಾಗಿ 0.6ರಿಂದ 0.8 ಮಿಲಿಮೀಟರು, ಗಾಡಿಯ ಪುಸ್ತಕದಲ್ಲಿ ಬೇರೆ ಇದ್ದರೆ ಅದನ್ನೇ ಅನುಸರಿಸಿ.

ಬಿಸಿಯಾದ ಇಂಜಿನ್ನಿಗೆ ಚೋಕನ್ನು ತುಸು ಎಳೆದು ನೋಡುವುದು ಒಳ್ಳೆಯ ಪರೀಕ್ಷೆ. ಓಟ ಸುಧಾರಿಸಿದರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೆ ಕಾರ್ಬುರೇಟರಿಗೂ ಇಂಜಿನ್ನಿಗೂ ನಡುವಿನ ರಬ್ಬರು ಸೀಳಿ ಗಾಳಿ ಸೇರುತ್ತಿದೆ. ಇನ್ನಷ್ಟು ಕೆಟ್ಟರೆ ಪೆಟ್ರೋಲೇ ಹೆಚ್ಚಾಗಿದೆ.

2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಬಂದ ಮೇಲಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಕಾರ್ಬುರೇಟರ್ ಇಲ್ಲ. ಪಂಪು ಒತ್ತಡದಿಂದ ಪೆಟ್ರೋಲ್ ಚಿಮ್ಮಿಸುತ್ತದೆ. ಅದರ ಪೈಪು ಕಳಚಬೇಡಿ. ಫಿಲ್ಟರು, ಪ್ಲಗ್ಗು ನೋಡಿ. ಮೀಟರಿನಲ್ಲಿ ಇಂಜಿನ್ ಚಿತ್ರದ ದೀಪ ಆರದಿದ್ದರೆ ಸರ್ವಿಸಿಗೆ ಒಯ್ಯಿರಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿಯ ಜಾವಾ, ಯೆಜ್ಡಿ ಗಾಡಿಗಳು ಇನ್ನೂ ಓಡುತ್ತಿವೆ. ಅವುಗಳಲ್ಲಿ ಎಣ್ಣೆಯೂ ಉರಿಯುವುದರಿಂದ ಸೈಲೆನ್ಸರಿನಲ್ಲಿ ಮಸಿ ಕಟ್ಟಿದೆಯೇ ನೋಡಬೇಕು.

ಇಷ್ಟಾದರೂ ಸರಿಹೋಗದಿದ್ದರೆ ಮೆಕ್ಯಾನಿಕ್ಕಿಗೆ ಬರಿದೆ "ಪಿಕಪ್ ಇಲ್ಲ" ಎನ್ನಬೇಡಿ. ರೇಸ್ ಎಷ್ಟು ತಿರುಗಿಸಿದಾಗ ತಡೆಯುತ್ತದೆಂದು ಹೇಳಿ. ಆರಂಭದಲ್ಲೇ ಆದರೆ ಸಣ್ಣ ಜೆಟ್ಟು, ನಡುವಿನಲ್ಲಿ ಆದರೆ ಸೂಜಿ, ಪೂರ್ತಿ ತಿರುಗಿಸಿದಾಗ ಆದರೆ ದೊಡ್ಡ ಜೆಟ್ಟು. ಜೆಟ್ಟಿಗೆ ತಂತಿ ಚುಚ್ಚಲು ಬಿಡಬೇಡಿ, ತೂತು ಹಿಗ್ಗುತ್ತದೆ. ಗಾಳಿ ಊದಿಸಿದರೆ ಸಾಕು.