ಆಲೂಗಡ್ಡೆಗೆ ಕಾಡಿನ ಬಂಧುಗಳ ನೆರವು

ಪ್ರಶ್ನೆ: ಕಾಳುಮೆಣಸನ್ನು ಹಿಪ್ಪಲಿಗೆ ಕಸಿ ಕಟ್ಟಿ ಸೊರಗುರೋಗವನ್ನು ತಡೆಯುತ್ತೇವೆ. ಹಾಸನದ ಆಲೂಗಡ್ಡೆಯ ಅಂಗಮಾರಿಗೂ ಕಾಡುಜಾತಿಯ ನೆರವು ಹೀಗೆಯೇ ದೊರೆಯಲಾರದೆ?
— ಓದುಗರೊಬ್ಬರು, ತಾಳಗುಪ್ಪ

ಉತ್ತರ: ದೊರೆಯುತ್ತದೆ, ಆದರೆ ಕಸಿಯ ಮಾರ್ಗದಿಂದಲ್ಲ. ಅಮೆಜಾನ್ ಪ್ರದೇಶದಿಂದ ಬಂದ ಆ ಹಿಪ್ಪಲಿಯ ಬೇರು ಜೌಗಿಗೂ ಫೈಟಾಫ್ತೊರ ಕುಲದ ರೋಗಾಣುವಿಗೂ ಜಗ್ಗದಿರುವುದರಿಂದ, ಮಣ್ಣಿನಿಂದ ಬೇರಿಗೆ ತಗಲುವ ಸೊರಗನ್ನು ಅದು ತಡೆಯಬಲ್ಲುದು. ಅದೇ ಕುಲಕ್ಕೆ ಸೇರಿದ ಅಂಗಮಾರಿಯ ರೋಗಾಣುವಾದರೋ, ಗಾಳಿಯಲ್ಲಿ ತೇಲಿಬಂದು ಎಲೆಯ ಮೇಲೆಯೇ ಎರಗುವುದಾದ್ದರಿಂದ, ಅಲ್ಲಿ ನಿರೋಧಶಕ್ತಿಯು ಸಸ್ಯದ ವಂಶವಾಹಿಗಳಲ್ಲಿಯೇ ನೆಲಸಿರಬೇಕಾಗುತ್ತದೆ.

1845ರಲ್ಲಿ ಐರ್ಲೆಂಡನ್ನು ಘೋರ ಕ್ಷಾಮಕ್ಕೆ ನೂಕಿದ ಈ ವ್ಯಾಧಿಗೆ ಮೆಕ್ಸಿಕೋದ ಸೊಲೇನಮ್ ಡೆಮಿಸ್ಸಮ್ ಎಂಬ ಕಾಡುಜಾತಿಯಲ್ಲಿ ಪ್ರತಿರೋಧವನ್ನು ಕಂಡ ವಿಜ್ಞಾನಿಗಳು, ಅದನ್ನು ಕೃಷಿಯ ತಳಿಯೊಡನೆ ಸಂಕರಿಸಿ, ಹುಟ್ಟಿದ ಸಂತತಿಯನ್ನು ಮರಳಿ ಮರಳಿ ಕೃಷಿಯ ತಳಿಗೇ ಕೂಡಿಸಿ, ಕಾಡಿನ ಕಿರುಗಡ್ಡೆಯ ಗುಣವನ್ನು ಕಳೆದು ನಿರೋಧವನ್ನು ಮಾತ್ರ ಉಳಿಸಿಕೊಳ್ಳಲು ದಶಕಗಳ ಕಾಲ ಶ್ರಮಿಸಿದರು. ಆದರೆ ರೋಗಾಣುವು ರೂಪಾಂತರ ಹೊಂದಿ ಆ ನಿರೋಧದ ವಂಶವಾಹಿಗಳನ್ನು ಒಂದೊಂದಾಗಿ ಜಯಿಸಿತು. ಹೀಗಾಗಿ 1968ರಲ್ಲಿ ಬಿಡುಗಡೆಯಾಗಿ ಹಾಸನದ ಹೊಲಗಳಲ್ಲಿ ಮನೆಮಾತಾದ ಕುಫ್ರಿ ಜ್ಯೋತಿ ತಳಿಯೂ ಈಗ ಅಂಗಮಾರಿಗೆ ಬಲಿಯಾಗುತ್ತಿರುವುದು ನಿಜಕ್ಕೂ ವ್ಯಥೆಯ ಸಂಗತಿ.

ಮೆಕ್ಸಿಕೋದ್ದೇ ಮತ್ತೊಂದು ಜಾತಿಯಾದ ಸೊಲೇನಮ್ ಬಲ್ಬೊಕ್ಯಾಸ್ಟಾನಮ್ ಇನ್ನೂ ಬಲಿಷ್ಠವಾದುದು. ಆದರೆ ಕೃಷಿಯ ಆಲೂಗಡ್ಡೆಯೊಡನೆ ಅದು ನೇರವಾಗಿ ಸಂಕರಗೊಳ್ಳದು. ಆದುದರಿಂದ ಅದರ ನಿರೋಧದ ವಂಶವಾಹಿಯೊಂದನ್ನು 2003ರಲ್ಲಿ ಬೇರ್ಪಡಿಸಲಾಯಿತು. ಅದನ್ನು ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯು ಕುಫ್ರಿ ಜ್ಯೋತಿಯಲ್ಲಿಯೇ ಸೇರಿಸಿ ಪರೀಕ್ಷಿಸಿದೆ. ಏಕಮಾತ್ರ ವಂಶವಾಹಿಯನ್ನು ನೆಚ್ಚದೆ, ಭಿನ್ನ ಜಾತಿಗಳ ಎರಡು ಮೂರನ್ನು ಒಂದೇ ತಳಿಯಲ್ಲಿ ಕೂಡಿಸುವುದೇ ಯುಕ್ತವೆಂದು ನನಗೆ ತೋರುತ್ತದೆ. ಏಕೆಂದರೆ ರೋಗಾಣುವು ಅವೆಲ್ಲವನ್ನೂ ಏಕಕಾಲಕ್ಕೆ ಮೀರುವುದು ದುಸ್ಸಾಧ್ಯ.