ಮೈಸೂರಿನ ಯೆಜ್ಡಿಗೆ ಮುಪ್ಪಿಲ್ಲ, ನಿಂತರೆ ಮಾತ್ರ ಕುತ್ತು

ಮೈಸೂರು ಎಂದಾಕ್ಷಣ ಹೊರನಾಡ ಕನ್ನಡಿಗರಿಗೆ ನೆನಪಾಗುವುದು ರೇಷ್ಮೆ ಸೀರೆ, ಸ್ಯಾಂಡಲ್ ಸೋಪು, ಮೈಸೂರು ಪಾಕ್. ಈ ಪಟ್ಟಿಗೆ ಸೇರಬೇಕಾದ ಇನ್ನೊಂದು ಹೆಸರು ಯೆಜ್ಡಿ. ಮೈಸೂರಿನಲ್ಲಿ 1960ರಲ್ಲಿ ಸ್ಥಾಪನೆಯಾದ ಐಡಿಯಲ್ ಜಾವಾ ಕಾರ್ಖಾನೆಯು ಜೆಕೊಸ್ಲೊವಾಕಿಯಾದ ಪರವಾನಗಿಯಲ್ಲಿ ಮೊದಲು ಜಾವಾ, 1973ರಿಂದ ಯೆಜ್ಡಿ ಹೆಸರಿನಲ್ಲಿ ಮೋಟಾರ್ ಸೈಕಲ್ ತಯಾರಿಸಿತು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, 250 ಸಿಸಿಯ ಟೂ-ಸ್ಟ್ರೋಕ್ ಎಂಜಿನ್. ಗೇರ್ ಹಾಕುವ ಪೆಡಲನ್ನೇ ತಿರುಗಿಸಿದರೆ ಕಿಕ್ಕರ್! ಡಾಂಬರು ರಸ್ತೆಗೂ ಸೈ, ತೋಟದ ಮಣ್ಣಿನ ದಾರಿಗೂ ಸೈ ಎನಿಸಿಕೊಂಡ ಈ ಗಾಡಿ ಆ ಕಾಲದ ರ‍್ಯಾಲಿಗಳಲ್ಲೂ ಹೆಸರು ಮಾಡಿತ್ತು.

ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಕೊನೆಯ ಗಾಡಿಗೂ ಈಗ ಸುಮಾರು ಮೂವತ್ತು ವರ್ಷ. ಮುಂಬಯಿ, ಪುಣೆಯ ನಮ್ಮವರ ಸೊಸೈಟಿ ಕಂಪೌಂಡುಗಳಲ್ಲಿ ತಂದೆಯ ಕಾಲದ ಯೆಜ್ಡಿ ಟಾರ್ಪಾಲಿನಡಿ ನಿಂತಿರುವುದುಂಟು. ಮಾರಲು ಮನಸ್ಸಿಲ್ಲ, ಓಡಿಸಲು ಧೈರ್ಯವಿಲ್ಲ. ಕೊನೆಗೆ ಗುಜರಿಯವನು ಕಿಲೋ ಲೆಕ್ಕದಲ್ಲಿ ಒಯ್ಯುತ್ತಾನೆ. ಓಡಿದ್ದರಿಂದ ಕೆಟ್ಟ ಯೆಜ್ಡಿಗಿಂತ ನಿಂತು ಕೆಟ್ಟ ಯೆಜ್ಡಿಗಳೇ ಹೆಚ್ಚು. ಅದನ್ನು ಉಳಿಸುವ ಕೆಲಸದಲ್ಲಿ ಅರ್ಧಪಾಲು ಮಾಲೀಕನೇ ಮಾಡಬಹುದಾದದ್ದು.

ಪೆಟ್ರೋಲೇ ಮೊದಲ ಶತ್ರು

ಈಗ ಬಂಕುಗಳಲ್ಲಿ ಸಿಗುವುದು ಬಹುತೇಕ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತರೆ ನೀರಿನಂಶ ಟ್ಯಾಂಕಿನ ತಳ ಸೇರಿ ತುಕ್ಕು ಹಿಡಿಯುತ್ತದೆ. ಹಳೆಯ ರಬ್ಬರ್ ಪೈಪು, ವಾಷರುಗಳು ಉಬ್ಬುತ್ತವೆ ಅಥವಾ ಬಿರಿಯುತ್ತವೆ. ಮುಂಬಯಿಯ ನಾಲ್ಕು ತಿಂಗಳ ಮಳೆಗಾಲದಲ್ಲಿ ಈ ಕಾಟ ಹೆಚ್ಚು. ಆದ್ದರಿಂದ ವಾರಕ್ಕೆ ಬೇಕಾದಷ್ಟೇ ಪೆಟ್ರೋಲ್ ಹಾಕಿಸಿ. ಗಾಡಿ ನಿಲ್ಲಿಸುವ ಮುನ್ನ ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಕಾರ್ಬುರೇಟರ್ ಖಾಲಿಯಾಗುತ್ತದೆ. ತಿಂಗಳಿಗೂ ಹೆಚ್ಚು ನಿಲ್ಲಿಸುವುದಾದರೆ ಟ್ಯಾಂಕ್ ಬರಿದು ಮಾಡಿ, ಒಳಗೆ ಸ್ವಲ್ಪ ಟೂ-ಟಿ ಆಯಿಲ್ ಹೊರಳಾಡಿಸಿಡಿ.

ಯೆಜ್ಡಿಯ ಹೆಚ್ಚಿನ ಮಾದರಿಗಳಲ್ಲಿ ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಹಳೆಯ ಲೆಕ್ಕ ಲೀಟರಿಗೆ 40 ಮಿ.ಲೀ. ಇಂದಿನ ಆಯಿಲ್ ಉತ್ತಮವಾಗಿರುವುದರಿಂದ ಸ್ವಲ್ಪ ಕಡಿಮೆ ಹಾಕುವವರಿದ್ದಾರೆ. ಆದರೆ ಉಳಿಸಲು ಹೋಗಿ ಪಿಸ್ಟನ್ ಕಳೆದುಕೊಳ್ಳಬಾರದು. ಇನ್ನೊಂದು ಮಾತು: ಖಂಡಾಲಾ ಘಾಟಿಯಂಥ ಇಳಿಜಾರಿನಲ್ಲಿ ಆ್ಯಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಬಹಳ ದೂರ ಇಳಿಯಬೇಡಿ. ಪೆಟ್ರೋಲ್ ಹೋಗದಿದ್ದರೆ ಅದರ ಜತೆಗಿನ ಆಯಿಲೂ ಹೋಗುವುದಿಲ್ಲ. ಆಗಾಗ ಸ್ವಲ್ಪ ಆ್ಯಕ್ಸಿಲರೇಟರ್ ಕೊಡುತ್ತಿರಬೇಕು.

ಪ್ಲಗ್ ಹೇಳುವ ಸತ್ಯ

ಗಾಡಿಯ ಆರೋಗ್ಯ ತಿಳಿಯಲು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ಸಾಕು. ಕಾಫಿ ಪುಡಿಯ ಬಣ್ಣವಿದ್ದರೆ ಕ್ಷೇಮ. ಕಪ್ಪಾಗಿ ಜಿಡ್ಡು ಹಿಡಿದಿದ್ದರೆ ಪೆಟ್ರೋಲ್ ಅಥವಾ ಆಯಿಲ್ ಹೆಚ್ಚಾಗುತ್ತಿದೆ. ಬೆಳ್ಳಗಿದ್ದರೆ ಎಲ್ಲೋ ಗಾಳಿ ಸೇರುತ್ತಿದೆ. ಹಾಗೆಯೇ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುವ ಅಪಾಯವಿದೆ. ಪ್ಲಗ್ಗಿನ ಅಂತರ ಸುಮಾರು 0.6 ಮಿ.ಮೀ., ಪಾಯಿಂಟಿನ ಅಂತರ ಸುಮಾರು 0.4 ಮಿ.ಮೀ. ಇರಬೇಕು. ಅಳೆಯುವ ಫೀಲರ್ ಗೇಜ್‌ಗೆ ಹೆಚ್ಚೇನೂ ಬೆಲೆಯಿಲ್ಲ. 'ಸ್ಟಾರ್ಟ್ ಆಗುವುದಿಲ್ಲ' ಎಂಬ ದೂರುಗಳಲ್ಲಿ ಅನೇಕವು ಪಾಯಿಂಟ್ ಸ್ವಚ್ಛ ಮಾಡಿದಲ್ಲಿಗೇ ಮುಗಿಯುತ್ತವೆ.

ಹೊಗೆ ವಿಪರೀತವಾಗಿದ್ದು, ಗೇರ್ ಬಾಕ್ಸಿನ ಆಯಿಲ್ ಕಾರಣವಿಲ್ಲದೆ ಇಳಿಯುತ್ತಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿದೆ ಎಂದು ಸಂಶಯಪಡಬೇಕು. ಎಂಜಿನ್ ಆ ಆಯಿಲನ್ನು ಎಳೆದು ಸುಡುತ್ತಿರುತ್ತದೆ. ಇದು ಬಲ್ಲ ಮೆಕ್ಯಾನಿಕ್ ಮಾಡಬೇಕಾದ ಕೆಲಸ. ಎಳೆತ ಕಡಿಮೆಯಾಗಿದ್ದರೆ ಮೊದಲು ಸೈಲೆನ್ಸರ್ ನೋಡಿ. ಒಳಗಿನ ಬ್ಯಾಫಲ್ ಬಿಚ್ಚಿ, ಕಟ್ಟಿದ ಮಸಿ ಕೆರೆದು ತೆಗೆದರೆ ಹಳೆಯ ಶಕ್ತಿ ಮರಳುವುದುಂಟು. ಮಾಡಿದ ಕೆಲಸ, ದಿನಾಂಕ, ಓಡಿದ ಕಿಲೋಮೀಟರನ್ನು ಪಾಸ್‌ಬುಕ್ಕಿನಂತೆ ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು.

ಬಿಡಿಭಾಗ ಮತ್ತು ಕಾಗದಪತ್ರ

2022ರಲ್ಲಿ ಯೆಜ್ಡಿ ಹೆಸರು ಮತ್ತೆ ಮಾರುಕಟ್ಟೆಗೆ ಬಂತು. ಆದರೆ ಅವು ಫೋರ್-ಸ್ಟ್ರೋಕ್ ಗಾಡಿಗಳು. ಅವುಗಳ ಎಂಜಿನ್ ಭಾಗಗಳು ಹಳೆಯದಕ್ಕೆ ಹೊಂದುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹಾಗೂ ಜಾವಾ-ಯೆಜ್ಡಿ ಅಭಿಮಾನಿಗಳ ಬಳಗಗಳಲ್ಲಿ ವಿಚಾರಿಸಿದರೆ ಬಿಡಿಭಾಗಗಳ ದಾರಿ ಸಿಗುತ್ತದೆ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಆಚರಿಸುವ ಈ ಬಳಗಗಳು ಮುಂಬಯಿ, ಪುಣೆಗಳಲ್ಲೂ ಇವೆ.

ಕಾಗದಪತ್ರದ ವಿಷಯದಲ್ಲಿ ಅಸಡ್ಡೆ ಬೇಡ. 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಊರಿನ ನೋಂದಣಿಯ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಮಹಾರಾಷ್ಟ್ರದಲ್ಲಿ ಇಟ್ಟುಕೊಂಡರೆ, ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತಂದು ಇಲ್ಲಿ ನೋಂದಾಯಿಸಬೇಕು. ತೀರಿಕೊಂಡ ತಂದೆಯ ಹೆಸರಿನಲ್ಲಿದ್ದರೆ ಫಾರ್ಮ್ 31ರ ಮೂಲಕ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು. ದೆಹಲಿ ಪ್ರದೇಶದಲ್ಲಿ ಹಳೆಯ ಗಾಡಿಗಳಿಗೆ ಪ್ರತ್ಯೇಕ ನಿರ್ಬಂಧಗಳಿವೆ. 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಗಾಡಿಗಳಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿಯ ಅವಕಾಶವಿದೆ. ಆದರೆ ಅಂಥ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ.

ಯೆಜ್ಡಿ ಬಲ್ಲ ಮೆಕ್ಯಾನಿಕರಿಗೂ ಈಗ ವಯಸ್ಸಾಗಿದೆ. ಅವರ ಗ್ಯಾರೇಜಿಗೆ ಗಾಡಿಯೊಂದಿಗೆ ಮನೆಯ ಮಕ್ಕಳನ್ನೂ ಕರೆದೊಯ್ಯಿರಿ. ನಮ್ಮ ಸಂಘ-ಸಂಸ್ಥೆಗಳ ಯುವ ವಿಭಾಗಗಳು ಒಂದು ಭಾನುವಾರ ಇಂಥ ಹಿರಿಯರೊಬ್ಬರನ್ನು ಕರೆಸಿ, ಪ್ಲಗ್ ಮತ್ತು ಪಾಯಿಂಟಿನ ಕೆಲಸವನ್ನು ಕಲಿಸಿಕೊಡುವ ಏರ್ಪಾಡು ಮಾಡಬಹುದು. ಟಾರ್ಪಾಲಿನಡಿ ಯೆಜ್ಡಿ ಇಟ್ಟುಕೊಂಡವರು ಈ ಭಾನುವಾರವೇ ಟ್ಯಾಂಕಿನ ಮುಚ್ಚಳ ತೆರೆದು, ಒಳಗೆ ತುಕ್ಕು ಹಿಡಿದಿದೆಯೇ ಎಂದು ನೋಡಲಿ.