ನೆರೆಯಿಂದ ಎತ್ತಿ ನೆರೆಗೇ ಇಟ್ಟರು

2023ರ ಡಿಸೆಂಬರ್ 4. ಮಿಚಾಂಗ್ ಚಂಡಮಾರುತದ ಮಳೆಗೆ ಚೆನ್ನೈ ಮುಳುಗಿದ್ದ ದಿನ. ಶೋಲಿಂಗನಲ್ಲೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕರೆಂಟ್ ಇರಲಿಲ್ಲ. ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ನಿಂತು ಊರಿಗೆ ಫೋನ್ ಮಾಡಲು ಸಿಗ್ನಲ್ ಹುಡುಕುತ್ತಿದ್ದೆ. ನನ್ನ ಕಷ್ಟ ಅಷ್ಟೇ.

ಐದನೇ ದಿನ ಮನೆಕೆಲಸದ ಅಕ್ಕ ಬಂದರು. ಪಕ್ಕದ ಪೆರುಂಬಾಕ್ಕಂನಲ್ಲಿ ಸರ್ಕಾರ ಕಟ್ಟಿಸಿದ ವಸತಿ ಸಮುಚ್ಚಯದ ನೆಲಮಹಡಿಯಲ್ಲಿ ಅವರ ಮನೆ. ಒಳಗೆ ಮೊಣಕಾಲುದ್ದ ನೀರು ನಿಂತಿತ್ತಂತೆ. ಅಕ್ಕಿ, ಹಾಸಿಗೆ, ಮಗಳ ಪುಸ್ತಕ ಎಲ್ಲ ಹಾಳು. "ನೀರು ಬರುತ್ತೆ ಅಂತಲೇ ಹಳೇ ಮನೆ ಬಿಡಿಸಿ ಇಲ್ಲಿಗೆ ತಂದರು ತಂಬಿ. ನೀರೂ ಹಿಂದೇನೇ ಬಂತು" ಎಂದರು.

ಅವರ ಹಳೆಯ ಮನೆ ಇದ್ದದ್ದು ಸೈದಾಪೇಟೆಯಲ್ಲಿ, ಅಡ್ಯಾರ್ ನದಿಯ ದಡದಲ್ಲಿ. 2015ರ ಡಿಸೆಂಬರಿನಲ್ಲಿ ಚೆಂಬರಂಬಾಕ್ಕಂ ಜಲಾಶಯದಿಂದ ಬಿಟ್ಟ ನೀರೂ ಸೇರಿ ನದಿ ಉಕ್ಕಿದಾಗ ಅದು ಕೊಚ್ಚಿಹೋಯಿತು. ಆ ಪ್ರವಾಹ ಮಾನವ ನಿರ್ಮಿತ ಎಂದು ಮುಂದೆ ಸಿಎಜಿ ವರದಿಯೇ ಹೇಳಿತು. ಆದರೆ ಜಾಗ ಖಾಲಿ ಮಾಡಬೇಕಾಗಿ ಬಂದದ್ದು ದಡದ ಬಡವರಿಗೆ, ಒತ್ತುವರಿದಾರರೆಂಬ ಹೆಸರಿನಲ್ಲಿ. ಅದೇ ನದಿಗೆ ಅಡ್ಡಲಾಗಿ ವಿಮಾನ ನಿಲ್ದಾಣದ ಎರಡನೇ ರನ್‌ವೇ ಇದೆ. ಅದನ್ನು ಯಾರೂ ಒತ್ತುವರಿ ಎನ್ನುವುದಿಲ್ಲ.

ಸಾವಿರಾರು ಕುಟುಂಬಗಳನ್ನು ಕಳಿಸಿದ ಪೆರುಂಬಾಕ್ಕಂ ಎಂಥ ಜಾಗ? ಪಳ್ಳಿಕರಣೈ ಜೌಗು ಪ್ರದೇಶದ ನೆರೆಯ ತಗ್ಗು. ದಕ್ಷಿಣ ಚೆನ್ನೈನ ಮಳೆನೀರೆಲ್ಲ ಸಮುದ್ರ ಸೇರುವ ಮೊದಲು ಬಂದು ನಿಲ್ಲುವುದು ಈ ಜೌಗಿನಲ್ಲಿ. 2022ರಲ್ಲಿ ಇದಕ್ಕೆ ರಾಮ್ಸರ್ ಮಾನ್ಯತೆ ಸಿಕ್ಕಿತು. ಅಷ್ಟರಲ್ಲಿ ಬಹುಪಾಲು ಜಾಗ ಕಸದ ರಾಶಿಗೆ, ರಸ್ತೆಗೆ, ನಮ್ಮಂಥವರ ಆಫೀಸು-ಮನೆಗಳಿಗೆ ಹೋಗಿತ್ತು. ನನ್ನ ಪಾಲೂ ಇದರಲ್ಲಿದೆ.

ಮಿಚಾಂಗ್ ನಂತರ ಸರ್ಕಾರ ರೇಷನ್ ಅಂಗಡಿಗಳ ಮೂಲಕ 6,000 ರೂಪಾಯಿ ಕೊಟ್ಟಿತು. ಅಕ್ಕನ ಕಾರ್ಡು ಮಾತ್ರ ಇನ್ನೂ ಸೈದಾಪೇಟೆ ವಿಳಾಸದಲ್ಲೇ ಇತ್ತು. ಅಲ್ಲಿಗೆ ಎರಡು ಸಲ ಅಲೆದು, ಸಾಲಿನಲ್ಲಿ ನಿಂತು ಹಣವೇನೋ ಪಡೆದರು. ಅಷ್ಟರಲ್ಲಿ ಒಂದು ಮನೆಯವರು ಬೇರೆ ಕೆಲಸದವರನ್ನು ಇಟ್ಟುಕೊಂಡಿದ್ದರು.

ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ನಿಯಮವಿದೆ: ಮೂಲ ಡೇಟಾಕ್ಕೆ ಇರುವ ಅಪಾಯ ಬ್ಯಾಕಪ್ ಇಟ್ಟ ಜಾಗಕ್ಕೆ ಇರಬಾರದು. 2015ರಲ್ಲಿ ಇಲ್ಲಿನ ಎಷ್ಟೋ ಕಂಪನಿಗಳು ಕೆಲಸ ನಿಲ್ಲಬಾರದೆಂದು ಉದ್ಯೋಗಿಗಳನ್ನು ಬೆಂಗಳೂರಿಗೆ ಕಳಿಸಿದವು. ಮನೆ ಕಳೆದುಕೊಂಡವರ ವಿಷಯದಲ್ಲಿ ಆ ಎಚ್ಚರ ಯಾಕಿಲ್ಲ? 2005ರ ವಿಪತ್ತು ನಿರ್ವಹಣಾ ಕಾಯ್ದೆ ಪರಿಹಾರ ಶಿಬಿರದಲ್ಲಿ ಆಶ್ರಯ, ಆಹಾರ, ನೀರು, ಚಿಕಿತ್ಸೆಯ ಕನಿಷ್ಠ ಮಟ್ಟ ಇರಬೇಕೆನ್ನುತ್ತದೆ. ಶಿಬಿರ ಮುಗಿದ ಮೇಲೆ ಜನ ಎಲ್ಲಿಗೆ ಹೋಗಬೇಕು ಎಂಬಲ್ಲೇ ನಿಜವಾದ ನಿರ್ಲಕ್ಷ್ಯ.

ನಮ್ಮಲ್ಲೂ 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ಕಟ್ಟಿದ ಆಸರೆ ಮನೆಗಳಲ್ಲಿ ಎಷ್ಟೋ ಖಾಲಿ ಉಳಿದವು. ಹೋಗಬೇಕಾದವರನ್ನು ಮೊದಲು ಕೇಳಿದ್ದರೆ ಚೆನ್ನೈನಲ್ಲೂ ಹಾಗೆಯೇ ಹಲವು ತಪ್ಪುಗಳು ತಪ್ಪುತ್ತಿದ್ದವು: ದುಡಿಮೆಗೆ ಹತ್ತಿರ ಜಾಗ, ತಗ್ಗಿನಲ್ಲಿ ಕಟ್ಟಲೇಬೇಕಾದರೆ ನೆಲಮಹಡಿ ಖಾಲಿ, ಮನೆಯ ಕೀಲಿಯ ಜೊತೆಗೇ ಹೊಸ ವಿಳಾಸದ ರೇಷನ್ ಕಾರ್ಡು.

ಈಗ ಅಕ್ಟೋಬರ್ ಬಂತೆಂದರೆ ಅಕ್ಕ ಅಕ್ಕಿ ಡಬ್ಬಿಯನ್ನೂ ಮಗಳ ಪುಸ್ತಕಗಳನ್ನೂ ಅಟ್ಟಕ್ಕೇರಿಸುತ್ತಾರೆ. ಮುನ್ನೆಚ್ಚರಿಕೆ ಎಂದರೆ ಸದ್ಯಕ್ಕೆ ಅವರಿಗೆ ಇಷ್ಟೇ.